ನಾನು ಹೇಳಿಕೊಟ್ಟ ಏಳೂವರೆ ಗಂಟೆ

ಕೊರೋನಾದ ಗಲಾಟೆ ಮುಗಿದು ಎರಡನೆಯ ವರ್ಷ ಅದು. ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು ಎಂದು ಬೆಳಿಗ್ಗೆ ಹೊತ್ತು ಜನ ಮುಗಿಬೀಳುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ನೊಣ ಹೊಡೆಯುವ ಕೆಲಸ. ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದ ನನ್ನ ಮಗಳು ದಸರಾ ರಜೆಗೆ ಬಂದಾಗ, "ಅಮ್ಮ, ಸುಮ್ನೆ ಕೂತು ದಾರೀಲಿ ಹೋಗೋರನ್ನ ಬಯ್ಯೋ ಬದ್ಲು ಇದನ್ನ ಆಡು" ಎಂದು ಅಂಗಡಿಯ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟು ಹೋದಳು.

ಅದು ಓಡುವ, ಹಾರುವ, ಗುಂಡು ಹೊಡೆಯುವ ಆಟವಲ್ಲ. ಕೋರ್ಟಿನ ಆಟ. ಯಾವುದೋ ಪರದೇಶದ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕ. ಆಟ ಶುರುವಾದಾಗ ಅವನು ಸಿಳ್ಳೆ ಹಾಕುತ್ತ ಗೋಡೆಯ ಗಡಿಯಾರಗಳಿಗೆಲ್ಲ ಕೀ ಕೊಡುತ್ತಿರುತ್ತಾನೆ. ಹಿಂದಿನಿಂದ ಒಂದು ನೆರಳು ಬರುತ್ತದೆ. ಮುದುಕ ಬೀಳುತ್ತಾನೆ. ಅಲ್ಲಿಂದ ಮುಂದೆ ನಾವೇ ಸರ್ಕಾರಿ ವಕೀಲರು. ಕೊಲೆ ನಡೆದ ಮನೆಯ ಮೂಲೆ ಮೂಲೆ ಜಾಲಾಡಬೇಕು, ಸಾಕ್ಷಿಗಳನ್ನು ಹುಡುಕಿ ಮಾತಾಡಿಸಬೇಕು, ಕೋರ್ಟಿನಲ್ಲಿ ನಿಂತು ಕೊಲೆಗಾರನ ಮೇಲೆ ಅಪರಾಧ ಸಾಬೀತು ಮಾಡಬೇಕು. ಮಾತೆಲ್ಲ ಇಂಗ್ಲಿಷಿನಲ್ಲಿ ಬರೆದು ಬರುತ್ತಿತ್ತು. ನನ್ನ ಬಿ.ಎ. ಇಂಗ್ಲಿಷಿಗೆ ಅಷ್ಟು ಸಾಕಿತ್ತು.

ಐವತ್ತು ದಾಟಿದ ಹೆಂಗಸು ನಾನು, ಆ ಆಟಕ್ಕೆ ಅಂಟಿಕೊಂಡುಬಿಟ್ಟೆ. ನಮ್ಮ ಮನೆಯವರು ಸಂಜೆ, "ಸರ್ಕಾರಿ ವಕೀಲರು ಇವತ್ತು ಅಡುಗೆ ಮಾಡಿದಾರೋ, ಇಲ್ಲ ವಾಯಿದೆ ಹಾಕಿದಾರೋ?" ಎಂದು ಕೇಳುವಷ್ಟು. ಮೂರು ಸಲ ಆಡಿ ಮೂರು ಸಲವೂ ಸೋತೆ. ಕಾರಣ, ಮುದುಕನ ಮನೆಕೆಲಸದವಳು. ಕೊಲೆಗಾರನನ್ನು ಕಣ್ಣಾರೆ ನೋಡಿದವಳು ಅವಳೊಬ್ಬಳೇ. ಎಷ್ಟು ಹೊತ್ತಿಗೆ ಎಂದರೆ "ಕತ್ತಲಾಗಿತ್ತು" ಎನ್ನುತ್ತಿದ್ದಳು. ಎದುರು ವಕೀಲ ಮೇಜು ಗುದ್ದಿ ಅವಳನ್ನು ಹರಿದುಹಾಕುತ್ತಿದ್ದ. ನಾಲ್ಕನೆಯ ಸಲ ನಾನು ಮೊದಲೇ ಅವಳನ್ನು ಕೂರಿಸಿಕೊಂಡು, ಕೇಳಿ ಕೇಳಿ, ಒಂಬತ್ತು ಗಂಟೆ ಹತ್ತು ನಿಮಿಷ ಎಂದು ಬಾಯಿ ಬಿಡಿಸಿದೆ. ಎದುರು ವಕೀಲ ಬೆವರಿ ಕೂತುಬಿಟ್ಟ. ಅವತ್ತು ನನಗೆ ನೆಲ ಕಾಣಲಿಲ್ಲ. ಸಾಕ್ಷಿ ಗೆಲ್ಲಬೇಕಾದರೆ ಹೊತ್ತು ಖಡಾಖಂಡಿತವಾಗಿ ಹೇಳಬೇಕು ಎಂಬುದು ನನ್ನ ತಲೆಯಲ್ಲಿ ಕೂತಿತು. ಅಲ್ಪವಿದ್ಯೆ ಮಹಾಗರ್ವಿ ಅನ್ನುತ್ತಾರಲ್ಲ, ಆ ಮಾತು ನನಗಾಗಿಯೇ ಮಾಡಿದ್ದು.

ಮಾಳಮ್ಮ ನನ್ನ ಅಂಗಡಿಗೆ ಬಂದದ್ದು ಆ ದಿನಗಳಲ್ಲೇ. ಅವತ್ತು ಸಂತೆ. ಹೆಗಲ ಮೇಲೆ ಮಡಿಸಿದ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅರವತ್ತು ದಾಟಿರಬೇಕು. ಅಂಜನಾಪುರದಿಂದ ಆಚೆಯ ಹಳ್ಳಿಯವರು. ಚೀಲದಿಂದ ಆಧಾರ್ ಕಾರ್ಡನ್ನೂ ನಾಲ್ಕು ಮಡಿಕೆ ಮಾಡಿದ ಒಂದು ಕಾಗದವನ್ನೂ ತೆಗೆದು, "ಇವೆರಡೂ ಝೆರಾಕ್ಸ್ ತಗೊಂಡ್ ಬಾ ಅಂದಾನವ್ವ ಪೊಲೀಸ್ನೋನು" ಎಂದರು. ಕಾಗದ ಸೆಷನ್ಸ್ ಕೋರ್ಟಿನ ಸಮನ್ಸು. ಸಂಕ್ರಾಂತಿ ಕಳೆದ ಮೇಲೆ ಬಂದು ಸಾಕ್ಷಿ ಹೇಳಬೇಕು ಎಂದಿತ್ತು.

ನಾನು ಕಾಗದ ಮೆಷಿನ್ನಿಗೆ ಹಾಕುವಾಗ ಅವರು ಕಂಪ್ಯೂಟರನ್ನೇ ನೋಡುತ್ತಿದ್ದರು. ಆಟವನ್ನು ನಡುವೆ ನಿಲ್ಲಿಸಿದ್ದೆ. ಪರದೆಯ ತುಂಬ ಕೋರ್ಟು ಕಾಣುತ್ತಿತ್ತು.

"ಇದು ಕೋರ್ಟೇನವ್ವ?"

"ಹೂಂ ಅಜ್ಜಿ. ನಿಜದ್ದಲ್ಲ, ಆಟದ ಕೋರ್ಟು."

"ನಾನೂ ಹೋಗ್ಬೇಕಾಗೈತಿ. ನನ್ನ ಮಗನ್ನ ಕೊಂದಾರೆ" ಎಂದರು. ಸೊಪ್ಪಿನ ರೇಟು ಹೇಳುವ ಹಾಗೆ ಹೇಳಿದರು.

ಕೂರಿಸಿ ನೀರು ಕೊಟ್ಟೆ. ಅವರದು ಕುರಿ ಸಾಕುವ ಮನೆ. ಭತ್ತದ ಕೊಯ್ಲು ಮುಗಿದ ಮೇಲೆ ಕುರಿಗಳನ್ನು ಹೊಡೆದುಕೊಂಡು ಸೊರಬದ ಕಡೆ ಹೋಗುವುದು ವರ್ಷವರ್ಷದ ರೂಢಿ. ಗದ್ದೆಯವರು ಕರೆದು ತಮ್ಮ ಗದ್ದೆಯಲ್ಲಿ ಕುರಿ ತರುಬಿಸುತ್ತಾರೆ. ಅಂದರೆ ರಾತ್ರಿ ಗದ್ದೆಯಲ್ಲೇ ಬಲೆ ಕಟ್ಟಿ ಕುರಿ ಕೂಡುವುದು, ಅದರ ಹಿಕ್ಕೆ ನೆಲಕ್ಕೆ ಗೊಬ್ಬರವಾಗುತ್ತದೆ. ಹಾಗೆ ಹಿಂದಿನ ವರ್ಷ ಆನವಟ್ಟಿ ಕಡೆಯ ಒಂದು ಗದ್ದೆಯಲ್ಲಿ ಅವರೂ ಮಗ ಬೀರೇಶನೂ ಕುರಿ ತರುಬಿದ್ದರು. ಬೆಳಿಗ್ಗೆ ಗಾಡಿ ತಂದು ಟಗರುಗಳನ್ನು ಎತ್ತಿಹಾಕಿಕೊಳ್ಳಲು ಬಂದವರು, ಅಡ್ಡ ಬಂದ ಬೀರೇಶನ ತಲೆಗೆ ರಾಡಿನಿಂದ ಹೊಡೆದರು. ಹೊಡೆದವನು ಯಾರೆಂದು ಮಾಳಮ್ಮನಿಗೆ ಗೊತ್ತು. ಒಬ್ಬ ಕುರಿ ದಲ್ಲಾಳಿ, ಹಿಂದಿನ ದಿನ ತಾನೇ ಬಂದು ಟಗರು ನೋಡಿಹೋಗಿದ್ದ. ಗದ್ದೆಯ ಯಜಮಾನರೂ ದೂರದಿಂದ ನೋಡಿದ್ದರಂತೆ, ಆದರೆ ಕೋರ್ಟಿನಲ್ಲಿ "ನನಗೇನೂ ಗೊತ್ತಿಲ್ಲ" ಎಂದುಬಿಟ್ಟಿದ್ದರು. ಉಳಿದದ್ದು ಈ ತಾಯಿಯ ಎರಡು ಕಣ್ಣು ಮಾತ್ರ.

"ಸರ್ಕಾರಿ ವಕೀಲರು ಏನಂದ್ರು ಅಜ್ಜಿ?"

"ಇದ್ದದ್ದು ಇದ್ದಂಗೆ ಹೇಳಮ್ಮ, ಸಾಕು ಅಂದ್ರು."

ಅಷ್ಟೇ ಸಾಕಾಗುವುದಿಲ್ಲ ಎಂದು ನನಗೆ ಆಗಲೇ ಅನಿಸಿತು. ಕೋರ್ಟಿನ ಮೆಟ್ಟಿಲು ಹತ್ತದವಳು ನಾನು, ಆದರೆ ನಾಲ್ಕು ಸಲ ಕೊಲೆ ಕೇಸು ನಡೆಸಿದ ಅನುಭವ ಇತ್ತಲ್ಲ!

ಅವರಿಗೆ ಇದ್ದ ಹೆದರಿಕೆ ಒಂದೇ. ಆ ದಲ್ಲಾಳಿ ಕೋರ್ಟಿನಲ್ಲಿ ಎಲ್ಲಿ ನಿಂತಿರುತ್ತಾನೆ, ತನಗೆಷ್ಟು ಹತ್ತಿರ. ನಾನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಇದು ಜಡ್ಜ್ ಕೂರುವ ಜಾಗ, ಇದು ನೀವು ನಿಲ್ಲುವ ಕಟಕಟೆ, ಅವನು ಅಲ್ಲಿ, ನಡುವೆ ಇಷ್ಟು ವಕೀಲರಿರುತ್ತಾರೆ, ಅವನು ನಿಮ್ಮನ್ನು ಮುಟ್ಟಲಾರ. ಮಾಳಮ್ಮ ಮುಖ ಹತ್ತಿರ ತಂದು ಎಲ್ಲವನ್ನೂ ನೋಡಿದರು. "ಹಂಗಾರೆ ಪರವಾಗಿಲ್ಲ" ಎಂದು ಕಂಬಳಿ ಹೆಗಲಿಗೇರಿಸಿ ಎದ್ದರು. ಅಲ್ಲಿಗೆ ಬಿಟ್ಟಿದ್ದರೆ ನಾನು ಒಂದು ಒಳ್ಳೆಯ ಕೆಲಸ ಮಾಡಿದಂತಾಗುತ್ತಿತ್ತು.

ಮುಂದಿನ ಸಂತೆಗೂ ಬಂದರು, ಅದರ ಮುಂದಿನದಕ್ಕೂ ಬಂದರು. ಬುತ್ತಿ ಬಿಚ್ಚಿ ಉಂಡು, ನನ್ನ ಆಟ ನೋಡುತ್ತ ಕೂರುತ್ತಿದ್ದರು. ನಾನು ಕನ್ನಡದಲ್ಲಿ ಹೇಳುತ್ತ ಆಡುತ್ತಿದ್ದೆ. ಒಂದು ದಿನ ಎಲ್ಲೋ ಅವಸರ ಮಾಡಿ ಕೇಸು ಸೋತೆ. "ಹೋಯ್ತು, ಮತ್ತೆ ಮೊದಲಿಂದ" ಎಂದು ಒತ್ತಿದೆ. ಮತ್ತೆ ಅದೇ ಅಂಗಡಿ, ಅದೇ ಮುದುಕ ಸಿಳ್ಳೆ ಹಾಕುತ್ತ ಗಡಿಯಾರಕ್ಕೆ ಕೀ ಕೊಡುತ್ತಿದ್ದಾನೆ, ಹಿಂದೆ ನೆರಳು.

"ಇವನು ಅವತ್ತೇ ಸತ್ತಿದ್ದನಲ್ಲವ್ವ?"

"ಸೋತರೆ ಹೊಸದಾಗಿ ಶುರು ಮಾಡ್ಬೇಕು ಅಜ್ಜಿ. ಅವನು ಮತ್ತೆ ಬರ್ತಾನೆ."

"ಬಂದು?"

"ಬಂದು... ಮತ್ತೆ ಸಾಯ್ತಾನೆ."

ಮಾಳಮ್ಮ ತುತ್ತು ಕೈಯಲ್ಲೇ ಹಿಡಿದು ಪರದೆ ನೋಡಿದರು. ಮುದುಕ ಬಿದ್ದ. "ನೀನು ಗೆಲ್ಲಾಕೆ ಅವನು ಎಷ್ಟು ಸಲ ಸಾಯ್ಬೇಕವ್ವ?" ಎಂದು ಕೇಳಿದರು.

ಕುಹಕ ಇರಲಿಲ್ಲ ಆ ಮಾತಿನಲ್ಲಿ, ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ. ನಾನು ನಕ್ಕು ಮಾತು ಹಾರಿಸಿದೆ. ಹಾಗೆ ನಕ್ಕದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಸಂಕ್ರಾಂತಿಗೆ ಮುಂಚಿನ ಸಂತೆಯ ದಿನ ನಾನೇ ವಿಷಯ ತೆಗೆದೆ. "ಅಜ್ಜಿ, ಎಷ್ಟು ಗಂಟೆಗೆ ನಡೀತು ಅಂತ ಕೇಳ್ತಾರೆ. ಏನು ಹೇಳ್ತೀರಿ?"

"ಮರಿಗೆ ಹಾಲು ಕುಡಿಸೋ ಹೊತ್ತು."

"ಅದು ಎಷ್ಟು ಗಂಟೆ?"

"ಗಂಟೆ ಗಿಂಟೆ ನಾನೇನು ಬಲ್ಲೆ? ಇಬ್ಬನಿ ಆರಿರ್ಲಿಲ್ಲ. ಇಬ್ಬನಿ ಆರೋ ಮಟ ಕುರಿ ಮೇಯಾಕೆ ಬಿಡಲ್ಲ ನಾವು. ಅಷ್ಟರಾಗೆ ಮರಿ ಬಿಟ್ಟು ಕುಡಿಸ್ತೀವಿ."

"ಬೆಳಕಾಗಿತ್ತಾ?"

"ಬೆಳಕು ಹರಿದಿತ್ತು. ಇಲ್ದಿದ್ರೆ ಮುಖ ಹೆಂಗೆ ಕಾಣ್ತದೆ?"

"ಅಜ್ಜಿ, ಇಬ್ಬನಿ, ಮರಿ, ಹಾಲು ಅಂದ್ರೆ ಕೋರ್ಟು ಕೇಳಲ್ಲ. ಆ ಮನೆಕೆಲಸದೋಳು ಕತ್ತಲಾಗಿತ್ತು ಅಂದಿದ್ದಕ್ಕೆ ಏನಾಯ್ತು, ನೋಡಿದ್ರಲ್ಲ?" ಎಂದು ನಾನು ಲೆಕ್ಕ ಹಾಕಲು ಕೂತೆ. ಮಾರ್ಗಶಿರದ ಚಳಿ, ನಮ್ಮ ಮನೆಯ ಹಿತ್ತಲಲ್ಲಿ ಇಬ್ಬನಿ ಆರುವಾಗ ಎಂಟು ಗಂಟೆ. ಅದಕ್ಕೆ ಮುಂಚೆ ಎಂದರೆ ಏಳೂವರೆ. ಹತ್ತಿರ ಹತ್ತಿರದ ಲೆಕ್ಕವಲ್ಲ, ನನ್ನ ಪ್ರಕಾರ ಖಂಡಿತವಾದ ಲೆಕ್ಕ. "ಏಳೂವರೆ ಗಂಟೆ. ಹೇಳಿ ನೋಡೋಣ" ಎಂದೆ.

"ಏಳೂವರೆ ಗಂಟೆ."

"ಗಟ್ಟಿಯಾಗಿ. ಯಾರು ಎಷ್ಟು ಸಲ ಕೇಳಿದ್ರೂ ಬದಲಾಯಿಸಬಾರದು."

ಹತ್ತು ಸಲ ಹೇಳಿಸಿದೆ. ಮಾಳಮ್ಮ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಹೇಳಿದರು. ಹೋಗುವಾಗ, "ಏಳೂವರೆ ಅಂದ್ರೆ ನನ್ನ ಮಗನ ಕೇಸು ಗೆಲ್ತದೇನವ್ವ?" ಎಂದು ಕೇಳಿದರು. "ಗೆದ್ದೇ ಗೆಲ್ಲುತ್ತೆ" ಎಂದೆ. ಅವರನ್ನು ಕೇಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ನನಗೆ ಹೊಳೆಯಲೇ ಇಲ್ಲ.

ವಿಚಾರಣೆಯ ದಿನ ಅಂಗಡಿ ಮುಚ್ಚಿ ನಾನೂ ಅವರ ಜೊತೆ ಬಸ್ಸು ಹತ್ತಿದೆ. ಅವರ ಸೊಸೆ, ಬೀರೇಶನ ಹೆಂಡತಿ, ಕುರಿಗಳ ಹತ್ತಿರವೇ ಉಳಿದಿದ್ದಳು. ಕೋರ್ಟಿನ ವರಾಂಡದಲ್ಲಿ ಹೊತ್ತು ಹೋಗಲೊಲ್ಲದು. ಆಟದಲ್ಲಿ ಒಂದು ಗುಂಡಿ ಒತ್ತಿದರೆ ಸಾಕ್ಷಿ ಬಂದು ನಿಲ್ಲುತ್ತಾಳೆ, ಇಲ್ಲಿ ಬೆಳಿಗ್ಗೆ ಹೋದವರನ್ನು ಕರೆದದ್ದು ಮಧ್ಯಾಹ್ನ ಕೋರ್ಟಿನ ಊಟದ ಬಿಡುವು ಮುಗಿದ ಮೇಲೆ. ಜವಾನ ಬಾಗಿಲಲ್ಲಿ ನಿಂತು ಮಾಳಮ್ಮನ ಹೆಸರು ಮೂರು ಸಲ ಕೂಗಿದ. ಅವರು ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಹೋದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಜಡ್ಜ್ ಹೆಂಗಸು, ನನ್ನದೇ ವಯಸ್ಸು ಇರಬಹುದು. ಕೋರ್ಟು ನಾನು ತೋರಿಸಿದ ಹಾಗೇ ಇತ್ತು, ಆದರೆ ತೀರಾ ಚಿಕ್ಕದು. ಆರೋಪಿಗೂ ಮಾಳಮ್ಮನಿಗೂ ಹತ್ತು ಹೆಜ್ಜೆಯೂ ಇರಲಿಲ್ಲ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮಾಳಮ್ಮ ಒಂದೇ ಸಲ ಅವನನ್ನು ನೋಡಿ, ಬೊಟ್ಟು ಮಾಡಿ "ಇವನೇ" ಎಂದರು. ಧ್ವನಿ ನಡುಗಲಿಲ್ಲ. ನನ್ನ ಎದೆ ಉಬ್ಬಿತು.

"ಎಷ್ಟು ಹೊತ್ತಿಗೆ ನಡೀತಮ್ಮ ಇದು?" ಸರ್ಕಾರಿ ವಕೀಲರು ಕೇಳಿದರು.

"ಏಳೂವರೆ ಗಂಟೆ."

ವಕೀಲರು ಕೈಯಲ್ಲಿದ್ದ ಫೈಲು ನೋಡಿದರು, ಮತ್ತೆ ಮಾಳಮ್ಮನ ಮುಖ ನೋಡಿದರು. "ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ."

"ಏಳೂವರೆ. ಗಡಿಯಾರದಾಗೆ ಏಳೂವರೆ ಗಂಟೆ."

ನಾನು ಹಿಂದೆ ಕೂತು ತಲೆಯಾಡಿಸುತ್ತಿದ್ದೆ. ಭೇಷ್ ಅಜ್ಜಿ ಎಂದುಕೊಂಡೆ. ಸರ್ಕಾರಿ ವಕೀಲರು ಉಳಿದದ್ದನ್ನು ಕೇಳಿ ಮುಗಿಸಿ ಕೂತರು. ಎದುರು ವಕೀಲರು ಎದ್ದರು. ಮೇಜು ಗುದ್ದುತ್ತಾರೆ, ಕೂಗಾಡುತ್ತಾರೆ ಎಂದು ಕಾದೆ. ತುಂಬ ಮೆತ್ತಗಿನ ಮನುಷ್ಯ.

"ಅಮ್ಮ, ಏಳೂವರೆ ಖಂಡಿತಾನಾ?"

"ಖಂಡಿತ."

"ಆರೂವರೆ ಅಲ್ಲ ತಾನೇ?"

"ಅಲ್ಲ. ಏಳೂವರೆ."

"ಬಹಳ ಉಪಕಾರ ಆಯ್ತಮ್ಮ" ಎಂದು ಕೂತುಬಿಟ್ಟರು.

ಆಟದಲ್ಲಿ ಎದುರು ವಕೀಲ ಬಾಯಿ ಮುಚ್ಚಿ ಕೂತರೆ ನಾವು ಗೆದ್ದಂತೆ. ಗೆದ್ದೆವು ಎಂದು ನನ್ನ ಕಣ್ಣು ತುಂಬಿಬಂತು. ಸರ್ಕಾರಿ ವಕೀಲರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅವರು ಮತ್ತೆ ಎದ್ದು, ಇನ್ನೊಂದು ಪ್ರಶ್ನೆ ಕೇಳಲು ಜಡ್ಜರ ಅನುಮತಿ ಬೇಡಿ, ಮಾಳಮ್ಮನ ಕಡೆ ತಿರುಗಿದರು.

"ಅಜ್ಜಿ, ಆ ಗೋಡೆ ಮೇಲೆ ಗಡಿಯಾರ ಇದೆ. ನೋಡಿ ಹೇಳಿ, ಈಗ ಎಷ್ಟು ಗಂಟೆ?"

ಮಾಳಮ್ಮ ಗಡಿಯಾರವನ್ನು ನೋಡಿದರು. ತುಂಬ ಹೊತ್ತು ನೋಡಿದರು. ಮೂರು ಸಂತೆ ನನ್ನ ಅಂಗಡಿಯಲ್ಲಿ ಗಡಿಯಾರದ ಕೆಳಗೇ ಕೂತಿದ್ದವರನ್ನು ನಾನು ಒಂದು ದಿನವಾದರೂ ಕೇಳಿರಲಿಲ್ಲ, ನಿಮಗೆ ಗಡಿಯಾರ ನೋಡಲು ಬರುತ್ತದೆಯೇ ಎಂದು.

"ನಂಗೆ ಬರಲ್ಲ ಸ್ವಾಮಿ" ಎಂದರು.

"ಮತ್ತೆ ಏಳೂವರೆ ಅಂತ ಯಾರು ಹೇಳಿದ್ರು?" ಈ ಸಲ ಕೇಳಿದವರು ಜಡ್ಜ್.

ಮಾಳಮ್ಮ ಸುಳ್ಳು ಹೇಳುವ ಪೈಕಿ ಅಲ್ಲ. ತಿರುಗಿ ನನ್ನ ಕಡೆ ಕೈ ಮಾಡಿ, "ಅಕ್ಕೋ, ಅಂಗಡಿ ಅವ್ವ ಅಲ್ಲಿ ಕುಂತೈತಲ್ಲ ತಾಯಿ, ಅದು ಹೇಳಿಕೊಡ್ತು" ಎಂದರು. ಉಪಕಾರ ಮಾಡಿದವರನ್ನು ನಾಲ್ಕು ಜನಕ್ಕೆ ತೋರಿಸುವ ಸಂತೋಷದಲ್ಲೇ ತೋರಿಸಿದರು.

ಕೋರ್ಟಿಗೆ ಕೋರ್ಟೇ ನನ್ನ ಕಡೆ ತಿರುಗಿತು. ಎದ್ದು ನಿಂತೆ. ಸೀರೆಯ ಸೆರಗು ಬೆಂಚಿನ ಮೊಳೆಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಿಕೊಳ್ಳುವಷ್ಟು ಬುದ್ಧಿಯೂ ಉಳಿದಿರಲಿಲ್ಲ.

"ನೀವು ವಕೀಲರಾ?"

"ಅಲ್ಲ ಮಹಾಸ್ವಾಮಿ. ಝೆರಾಕ್ಸ್ ಅಂಗಡಿ ಇಟ್ಟಿದೀನಿ."

"ಸಾಕ್ಷಿ ಹೀಗೆ ಹೇಳಬೇಕು ಅಂತ ನಿಮಗೆಲ್ಲಿ ಗೊತ್ತು?"

ಸುಳ್ಳು ಹೇಳಬಹುದಿತ್ತು. ಕಟಕಟೆಯಲ್ಲಿ ಆ ಅಜ್ಜಿ ನಿಂತಿರುವಾಗ ಬಾಯಿ ಬರಲಿಲ್ಲ. "ಕಂಪ್ಯೂಟರಿನಲ್ಲಿ ಒಂದು ಆಟ ಆಡ್ತೀನಿ. ಕೊಲೆ ಕೇಸು ನಡೆಸೋ ಆಟ. ಅದರಲ್ಲಿ ನೋಡಿ ಹೇಳಿಕೊಟ್ಟೆ" ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಜಡ್ಜ್ ನಗಲಿಲ್ಲ.

"ಒಳ್ಳೇದಕ್ಕೇ ಮಾಡಿದೆ ಅಂತೀರಿ, ನನಗೂ ಗೊತ್ತಾಗ್ತದೆ. ಆದ್ರೆ ಏನು ಮಾಡಿದೀರಿ ನೋಡಿ. ಆ ತಾಯಿ ಕಣ್ಣಲ್ಲಿ ನೋಡಿದ್ದನ್ನ ಅವರ ಬಾಯಿಂದ ತೆಗೆದು, ನಿಮ್ಮ ಮಾತು ಇಟ್ಟಿದೀರಿ. ಇನ್ನೊಂದು ಸಲ ಈ ಕೆಲಸ ಮಾಡಬೇಡಿ. ಕೂತ್ಕೊಳ್ಳಿ."

ಆಮೇಲೆ ಅವರು ಮಾಳಮ್ಮನಿಗೆ, "ಅಜ್ಜಿ, ಗಂಟೆ ಬಿಟ್ಟುಬಿಡಿ. ನಿಮ್ಮ ಲೆಕ್ಕದಲ್ಲಿ ಹೇಳಿ. ಯಾವ ಹೊತ್ತು?" ಎಂದರು.

ಮಾಳಮ್ಮ ಒಂದು ಗಳಿಗೆ ನನ್ನನ್ನೇ ನೋಡಿದರು, ಹೇಳಬಹುದೇ ಎಂದು ಕೇಳುವ ಹಾಗೆ. ನಾನು ತಲೆ ತಗ್ಗಿಸಿದೆ. ಅವರು ಹೇಳತೊಡಗಿದರು.

"ನಸುಕಿನಾಗೆ ಎದ್ದು ಮರಿ ಬಿಟ್ಟಿದ್ದೆ ತಾಯಿ. ಮರಿ ಕುಡೀತಿದ್ವು. ಇಬ್ಬನಿಗೆ ಕಂಬಳಿ ತೊಯ್ದಿತ್ತು. ನನ್ನ ಮಗ ಅತ್ಲಾಗೆ ಬಲೆ ಬಿಚ್ತಿದ್ದ. ಗಾಡಿ ಬಂತು. ಇವನು ಇಳಿದ. ನನ್ನ ಮಗ ಟಗರು ಬಿಡಲಿಲ್ಲ, ಇವನು ಹೊಡೆದ. ಓಡಿಹೋಗಿ ತಲೆ ತೊಡಿ ಮ್ಯಾಲೆ ಇಟ್ಕೊಂಡೆ. ಹೊತ್ತು ಇನ್ನೂ ಹುಟ್ಟಿರ್ಲಿಲ್ಲ. ಆಮ್ಯಾಲೆ ಹುಟ್ತು. ಮೊದಲ್ನೇ ಬಿಸಿಲು ನನ್ನ ಮಗನ ಮುಖದ ಮ್ಯಾಲೇ ಬಿತ್ತು. ಬಿಸಿಲು ಕಣ್ಣಿಗೆ ಬಿದ್ರೂ ಅವನು ಕಣ್ಣು ಮುಚ್ಚಲಿಲ್ಲ. ಅವಾಗ ತಿಳೀತು ನಂಗೆ."

ಟೈಪು ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿ ಕೂತಿದ್ದಳು. ಹೊತ್ತು ಹುಟ್ಟಿತ್ತೋ ಇಲ್ಲವೋ. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

ಹೊರಗೆ ವರಾಂಡದಲ್ಲಿ ಸರ್ಕಾರಿ ವಕೀಲರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಪೊಲೀಸರ ಹತ್ತಿರ ಈ ಅಜ್ಜಿ ಇದೇ ಮಾತು ಹೇಳಿದ್ರು. ಅದನ್ನ ಅವರು ಸುಮಾರು ಆರೂವರೆ ಅಂತ ಬರ್ಕೊಂಡಿದ್ರು, ಸರಿಯಾಗೇ ಇತ್ತು. ಆರೋಪಿ ಏಳೂಕಾಲಿಂದ ಆನವಟ್ಟಿ ಹೋಟೆಲಲ್ಲಿ ಟೀ ಕುಡೀತಾ ಕೂತಿದ್ದ ಅಂತ ಅವರ ಕಡೆ ಮೂರು ಸಾಕ್ಷಿ ಇದಾರೆ. ಆರೂವರೆ ಆದ್ರೆ ಹೊಡೆದು ಹೋಗಿ ಟೀ ಕುಡೀಬಹುದು. ಏಳೂವರೆ ಆದ್ರೆ ಅವನು ಅಲ್ಲಿ ಇರೋಕೇ ಸಾಧ್ಯ ಇಲ್ಲ" ಎಂದರು. ಕರಿಕೋಟು ಮಡಿಸಿ ತೋಳಿಗೆ ಹಾಕಿಕೊಂಡು, "ನೋಡೋಣ ಅಮ್ಮ, ಕೊನೇಲಿ ಚೆನ್ನಾಗಿ ಹೇಳಿದ್ರು" ಎಂದು ಹೋದರು.

ವಾಪಸು ಬರುವ ಬಸ್ಸಿನಲ್ಲಿ ಮಾಳಮ್ಮ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. "ಉಣ್ಣವ್ವ, ಬೆಳಗ್ಗಿಂದ ಏನೂ ತಿಂದಿಲ್ಲ ನೀನು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಚೆಂದಾಗಿ ಹೇಳಿದ್ನೇನವ್ವ?"

"ಕೊನೇಲಿ ಹೇಳಿದ್ದು ಚೆನ್ನಾಗಿತ್ತು ಅಜ್ಜಿ" ಎಂದೆ. ಮೊದಲು ಹೇಳಿದ್ದು ಏನು ಮಾಡಿದೆ ಎಂದು ಹೇಳುವ ಧೈರ್ಯ ಬರಲಿಲ್ಲ.

ತೀರ್ಪು ಬಂದಾಗ ಮಳೆಗಾಲ. ಕುರಿಗಳು ಊರಿಗೆ ಮರಳಿದ್ದವು. ಮಾಳಮ್ಮ ತೀರ್ಪಿನ ನಕಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಂಬಳಿಯೊಳಗೆ ಇಟ್ಟುಕೊಂಡು ನನ್ನ ಅಂಗಡಿಗೇ ತಂದರು. "ಬಿಟ್ಟಾರಂತೆ ಅವನ್ನ" ಎಂದರು. "ಯಾಕೆ ಬಿಟ್ರು ಅಂತ ಇದರಾಗೆ ಬರೆದೈತಂತೆ. ಓದಿ ಹೇಳು."

ಊರಲ್ಲಿ ಓದು ಬಲ್ಲವರು ಬೇಕಾದಷ್ಟಿದ್ದರು. ನನ್ನನ್ನೇ ಹುಡುಕಿಕೊಂಡು ಬಂದಿದ್ದರು. ತೀರ್ಪು ಕನ್ನಡದಲ್ಲೇ ಇತ್ತು. ಒಂದೊಂದೇ ಹಾಳೆ ಓದುತ್ತ ಹೋದೆ. ಅರ್ಧ ದಾಟಿದ ಮೇಲೆ ಆ ಪ್ಯಾರಾ ಬಂತು. ಸಾಕ್ಷಿಯು ಮೊದಲು ಏಳೂವರೆ ಎಂದೂ ನಂತರ ಸೂರ್ಯೋದಯಕ್ಕೆ ಮುಂಚೆ ಎಂದೂ ಹೇಳಿರುತ್ತಾರೆ, ಹೊರಗಿನ ವ್ಯಕ್ತಿಯೊಬ್ಬರು ಈ ಸಾಕ್ಷಿಗೆ ಹೇಳಿಕೊಟ್ಟಿರುವುದು ಕಂಡುಬಂದಿದೆ, ಇನ್ನುಳಿದದ್ದರಲ್ಲಿ ಎಷ್ಟು ಅವರ ಸ್ವಂತದ್ದು ಎಂದು ಖಚಿತವಾಗಿ ಹೇಳಲಾಗದು, ಆದ್ದರಿಂದ ಸಂಶಯದ ಲಾಭವನ್ನು ಆರೋಪಿಗೆ ಕೊಡಬೇಕಾಗುತ್ತದೆ.

ನಾನು ನಿಲ್ಲಿಸಿದೆ. ಎದುರಿಗಿರುವ ಹೆಂಗಸಿಗೆ ಒಂದಕ್ಷರ ಬರುವುದಿಲ್ಲ. ಆ ನಾಲ್ಕು ಸಾಲು ಹಾರಿಸಿ, ಗದ್ದೆಯ ಯಜಮಾನರು ತಿರುಗಿಬಿದ್ದದ್ದರಿಂದ ಹೀಗಾಯಿತು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅದೂ ಪೂರ್ತಿ ಸುಳ್ಳಲ್ಲ. ಹಾಗೆ ಮಾಡಬೇಕು ಅನ್ನಿಸಿತು ಎಂದು ಒಪ್ಪಿಕೊಳ್ಳುತ್ತೇನೆ.

"ಯಾಕವ್ವ ನಿಂತೆ?"

ಓದಿದೆ. ಅಕ್ಷರ ಬಿಡದೆ ಓದಿದೆ. ಓದಿ, "ಆ ಹೊರಗಿನ ವ್ಯಕ್ತಿ ಅಂದ್ರೆ ನಾನು ಅಜ್ಜಿ. ನಾನು ಏಳೂವರೆ ಅಂತ ಹೇಳಿಕೊಡದೇ ಇದ್ದಿದ್ರೆ ಅವನಿಗೆ ಶಿಕ್ಷೆ ಆಗ್ತಿತ್ತೋ ಏನೋ" ಎಂದೆ. ಅಳು ಬಂತು. ನಾನು ಅತ್ತು ಅವರಿಂದ ಸಮಾಧಾನ ಹೇಳಿಸಿಕೊಳ್ಳಬಾರದು ಎಂದು ತುಟಿ ಕಚ್ಚಿಕೊಂಡೆ.

ಮಾಳಮ್ಮ ಅಳಲಿಲ್ಲ, ಬಯ್ಯಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಹೊರಗೆ ಮಳೆಗೆ ನೆನೆಯುತ್ತ ನಿಂತ ಬಸ್ಸನ್ನು ನೋಡುತ್ತಿದ್ದರು. ಆಮೇಲೆ ಕೇಳಿದರು, "ನನ್ನ ಮಗ ಸತ್ತಿದ್ದು ಸುಳ್ಳು ಅಂತ ಬರೆದಿಲ್ಲಲ್ಲ?"

"ಇಲ್ಲ ಅಜ್ಜಿ."

"ಬಿಸಿಲು ಬಿದ್ದಿದ್ದು?"

"ಅದನ್ನ ನೀವು ಹೇಳಿದ ಹಾಗೇ ಬರೆದಿದಾರೆ."

"ಅದೊಂದು ಇನ್ನೊಂದು ಸಲ ಓದು."

ಎರಡು ಸಲ ಓದಿಸಿಕೊಂಡರು. ಆ ಹಾಳೆಯದೊಂದು ಝೆರಾಕ್ಸ್ ಕೇಳಿದರು. ಮಡಿಸಿ, ಚೀಲಕ್ಕೆ ಹಾಕದೆ, ಕುಪ್ಪಸದೊಳಗೆ ಇಟ್ಟುಕೊಂಡರು.

ಸರ್ಕಾರದವರು ಹೈಕೋರ್ಟಿಗೆ ಮೇಲ್ಮನವಿ ಹಾಕಿದ್ದಾರೆ. ನಾನು ಸರ್ಕಾರಿ ವಕೀಲರನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಅಜ್ಜಿ ಮತ್ತೊಮ್ಮೆ ಸಾಕ್ಷಿ ಹೇಳಬಹುದೇ ಎಂದು ಕೇಳಿದೆ. "ಸಾಮಾನ್ಯವಾಗಿ ಅಲ್ಲಿ ಸಾಕ್ಷಿ ಕರೆಯಲ್ಲಮ್ಮ. ಇಲ್ಲಿ ಹೇಳಿದ್ದು ಏನು ಬರೆದಿದೆಯೋ ಅದನ್ನೇ ಓದ್ತಾರೆ" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಅಮ್ಮ ಬಾಯಿಬಡುಕಿಯಾದ ನನಗೆ ಚಿಕ್ಕಂದಿನಿಂದ ಹೇಳುತ್ತಿದ್ದಳು. ಆ ಮಾತು ನನ್ನ ತಲೆಗೆ ಹೋಗಲು ಐವತ್ತು ವರ್ಷ ಬೇಕಾಯಿತು, ಅದೂ ಇನ್ನೊಬ್ಬರ ಬಾಯಿಂದ ನನ್ನ ಮಾತು ಆಡಿಸಿದ ಮೇಲೆ.

ಆಟ ಇನ್ನೂ ಕಂಪ್ಯೂಟರಿನಲ್ಲಿದೆ. ಅಳಿಸಿಲ್ಲ, ಆಡಿಯೂ ಇಲ್ಲ. ಹೊಸದಾಗಿ ಶುರು ಮಾಡಲೇ ಎಂದು ಪರದೆ ಕೇಳುತ್ತದೆ. ಒತ್ತಿದರೆ ಆ ಮುದುಕ ಸಿಳ್ಳೆ ಹಾಕುತ್ತ ಬರುತ್ತಾನೆ. ಅವನನ್ನು ಇನ್ನೊಂದು ಸಲ ಸಾಯಿಸುವ ಮನಸ್ಸಾಗುವುದಿಲ್ಲ. ಅದೇ ಕಂಪ್ಯೂಟರಿನಲ್ಲಿ ಈಗ ಸಂತೆಯ ದಿನ ಹೈಕೋರ್ಟಿನ ಕೇಸು ಎಲ್ಲಿಗೆ ಬಂತು ಎಂದು ನೋಡಿ ಮಾಳಮ್ಮನಿಗೆ ಹೇಳುತ್ತೇನೆ. ಬಾಕಿ ಇದೆ ಎಂದೇ ಬರುತ್ತದೆ. ಹಾಗೇ ಹೇಳುತ್ತೇನೆ, ಇನ್ನೇನು ಆಗಿಬಿಡುತ್ತದೆ ಎಂದು ನನ್ನದೊಂದು ಮಾತು ಸೇರಿಸುವುದಿಲ್ಲ. ಒಬ್ಬರ ಕಷ್ಟಕ್ಕೆ ಆಗುವುದೆಂದರೆ ಕೆಲವು ಸಲ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದು, ಅಷ್ಟೇ.

ತೀರ್ಪು ಓದಿದ ಮರುವಾರ ಮಾಳಮ್ಮ ಬಂದವರು ಕೂರಲಿಲ್ಲ. ಗೋಡೆಯ ಮೇಲಿನ ಗಡಿಯಾರಕ್ಕೆ ಕೈ ಮಾಡಿ, "ಅದನ್ನ ನೋಡಾಕೆ ಕಲಿಸು ನಂಗೆ" ಎಂದರು.

"ಈಗ ಯಾಕಜ್ಜಿ?"

"ಕಲಿಸು."

ನಾನು ಗಡಿಯಾರ ಕೆಳಗಿಳಿಸಿ ಅವರ ತೊಡೆಯ ಮೇಲಿಟ್ಟೆ. ಗಿಡ್ಡ ಮುಳ್ಳು, ಉದ್ದ ಮುಳ್ಳು, ಐದೈದರ ಲೆಕ್ಕ. ನೂರಾರು ಕುರಿಯನ್ನು ಕಣ್ಣಲ್ಲೇ ಎಣಿಸುವವರು, ನಾಲ್ಕು ಸಂತೆಯಲ್ಲಿ ಕಲಿತರು. ಏಳೂವರೆ ಹೇಗಿರುತ್ತದೆ ತೋರಿಸು ಎಂದರು. ಮುಳ್ಳು ತಿರುಗಿಸಿ ತೋರಿಸಿದೆ. ಆರೂವರೆ ತೋರಿಸು ಎಂದರು. ತೋರಿಸಿದೆ. ಎರಡನ್ನೂ ಮತ್ತೆ ಮತ್ತೆ ಮಾಡಿಸಿ ನೋಡಿದರು.

ಈಗ ಸಂತೆಗೆ ಬಂದರೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೊದಲು ಗಡಿಯಾರ ನೋಡುತ್ತಾರೆ. "ಹನ್ನೊಂದೂಕಾಲು" ಎನ್ನುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. ಸರಿಯೇ ಎಂದು ಕೇಳುತ್ತಿದ್ದಾರೋ, ಬೇರೆ ಏನನ್ನಾದರೂ ಹೇಳುತ್ತಿದ್ದಾರೋ ನನಗೆ ಇವತ್ತಿಗೂ ತಿಳಿದಿಲ್ಲ.

"ಸರಿ ಅಜ್ಜಿ" ಎನ್ನುತ್ತೇನೆ. ಯಾವಾಗಲೂ ಸರಿಯಾಗಿಯೇ ಇರುತ್ತದೆ.